ಸಹಾಯ ಬೇಕು: 1972ರ ಶೆವರ್ಲೆ ಸಿ10 ಪಿಕಪ್‌ಗೆ ಬೆಲೆ ಕಟ್ಟುವುದು ಹೇಗೆ?
ಮಾರಾಟಕ್ಕಿರುವ ಸಿ10 ಒಂದಕ್ಕೆ ನ್ಯಾಯವಾದ ಬೆಲೆ ಕಟ್ಟಬೇಕಿದೆ, ತಿಳಿದವರು ದಯವಿಟ್ಟು ಹೇಳಿ.

ಕ್ಯಾಬಿನ್‌ನ ಹಿಂಬದಿ ಕೆಳಮೂಲೆ, ರಾಕರ್ ಪ್ಯಾನೆಲ್ (ಬಾಗಿಲ ಕೆಳಗಿನ ತಗಡು), ಕ್ಯಾಬ್ ಮೌಂಟ್ (ಕ್ಯಾಬಿನ್ ಚಾಸಿಗೆ ಕೂರುವ ಜಾಗ) ಪರೀಕ್ಷಿಸಿಯಾಗಿದೆ. ಕೆಸರು, ನೀರು ಒಳಗೇ ನಿಂತು ಈ ಮಾದರಿಗೆ ಮೊದಲು ತುಕ್ಕು ಹತ್ತುವುದು ಅಲ್ಲೇ. ಮೂರೂ ಕಡೆ ಅಯಸ್ಕಾಂತ ಗಟ್ಟಿಯಾಗಿ ಕಚ್ಚುತ್ತದೆ, ಹಾಗಾಗಿ ತುಕ್ಕು ಮುಚ್ಚಲು ಮೆತ್ತಿದ ದಪ್ಪ ಪುಟ್ಟಿ ಇರಲಾರದು. ಸೀಟಿನ ಹಿಂದಿರುವ ಟ್ಯಾಂಕಿನಿಂದ ಪೆಟ್ರೋಲ್ ವಾಸನೆ ಇಲ್ಲ. ಗ್ಲವ್ ಬಾಕ್ಸ್ ಮುಚ್ಚಳದ ಒಳಗಿನ ಆಪ್ಷನ್ ಚೀಟಿಯೂ (ಕಾರ್ಖಾನೆಯಲ್ಲಿ ಹಾಕಿದ ಸೌಲಭ್ಯಗಳ ಪಟ್ಟಿ) ಓದುವಂತಿದೆ. ಇಷ್ಟು ಹಳೆಯ ಗಾಡಿಯಲ್ಲಿ ಅದು ಉಳಿದಿರುವುದೇ ದೊಡ್ಡದು.

ಸಿಕ್ಕಿಕೊಂಡಿರುವುದು ಎರಡು ಕಡೆ. ವಿ8 ಎಂಜಿನ್ನಿನ ಬಲಗಡೆ, ಸಿಲಿಂಡರ್ ಹೆಡ್‌ನ ಮುಂದೆ ಬ್ಲಾಕಿನ (ಎಂಜಿನ್ನಿನ ಮುಖ್ಯ ಎರಕದ ಭಾಗ) ಸಮತಟ್ಟು ಪಟ್ಟಿಯಲ್ಲಿ, ಎಂಜಿನ್ ಈ ಗಾಡಿಯದ್ದೇ ಎಂದು ಗುರುತಿಸಲು ಒತ್ತಿದ ಸಂಖ್ಯೆ ಅರ್ಧ ಮಾಸಿದೆ. ಬ್ಲಾಕಿನ ಮೇಲ್ಮೈ ಮಟ್ಟಸ ಮಾಡಿಸಿದರೆ ಅದು ಅಳಿಯುತ್ತದೆ, ನಿಜ. ಆದರೆ ಬ್ಲಾಕ್ ಮೂಲದ್ದೇ ಎಂದು ಅದರ ಮೇಲೆ ಎರಕದಲ್ಲೇ ಮೂಡಿಸಿದ ದಿನಾಂಕವೊಂದರಿಂದಲೇ ಒಪ್ಪಬಹುದೇ? ಇನ್ನೊಂದು, ಬಣ್ಣದ ದಪ್ಪ ಚಾವಣಿಯಲ್ಲಿ 110 ಮೈಕ್ರಾನ್, ಎಡ ಹಿಂಬದಿಯಲ್ಲಿ 280. ಆ ಭಾಗಕ್ಕೆ ಮತ್ತೆ ಬಣ್ಣ ಹೊಡೆದಿರುವುದು ಬಹುತೇಕ ಖಚಿತ. ಉಳಿದದ್ದೆಲ್ಲ ಕಾರ್ಖಾನೆಯ ಬಣ್ಣವೇ ಆಗಿರುವಾಗ ಇದೊಂದಕ್ಕೆ ಎಷ್ಟು ಪಾಲು ಬೆಲೆ ಇಳಿಸುತ್ತೀರಿ? ಮಾಸಿದ್ದರೂ ಮೂಲ ಬಣ್ಣಕ್ಕೇ ಹೆಚ್ಚು ಬೆಲೆ ಎಂಬುದು ನನ್ನ ನಿಲುವು. ಒಪ್ಪದವರು ಕಾರಣ ಸಮೇತ ತಿಳಿಸಿ.