ಸೀನನ ಖಣದ ಕುರ್ತಾ ಮತ್ತು ಪದ್ದಕ್ಕನ ಕ್ಯಾಲೆಂಡರ್

"ಯುಗಾದಿಗೆ ಲಾಂಚ್," ಎಂದ ಸೀನ. ಬೈಟು ಕಾಫಿ ಇನ್ನೂ ಟೇಬಲ್ಲಿಗೆ ಬಂದಿರಲಿಲ್ಲ.

ಆಗ ಜನವರಿ ಕೊನೆಯ ವಾರ. 2026ರ ಯುಗಾದಿ ಬಿದ್ದಿರುವುದು ಮಾರ್ಚ್ 19ಕ್ಕೆ. ಗುಂಡಣ್ಣ ಬೆರಳು ಮಡಚಿ ಎಣಿಸಿ, "ಏನದು ಲಾಂಚು? ರಾಕೆಟ್ಟಾ?" ಎಂದ.

"ಬಟ್ಟೆ ಕಣೋ! ಗುಳೇದಗುಡ್ಡದ ಖಣ, ಅದೇ ಕುಪ್ಪಸದ ಬಟ್ಟೆ, ಅದರಲ್ಲಿ ಕುರ್ತಾ. ಹತ್ತು ಡಿಸೈನು, ಮೂರು ಬಣ್ಣ, ಐದು ಸೈಜು. ಹೆಸರು ಇಟ್ಟಾಯ್ತು, ಲೋಗೋ ಆಯ್ತು, ಇನ್‌ಸ್ಟಾಗ್ರಾಮಿನಲ್ಲಿ 'ಶೀಘ್ರದಲ್ಲೇ' ಅಂತ ಹಾಕಿಯೂ ಆಯ್ತು."

"ಬಟ್ಟೆ?"

"ಅದೊಂದು ಬಾಕಿ."

ಲ್ಯಾಪ್‌ಟಾಪ್ ತೆರೆದು ಎಕ್ಸೆಲ್ ತೋರಿಸಿದ. ಹಸಿರು, ಹಳದಿ ಪಟ್ಟಿಗಳು ಬಲು ಚೆನ್ನಾಗಿದ್ದವು. ಬಟ್ಟೆ ಖರೀದಿ ಒಂದು ವಾರ. ಹೊಲಿಗೆ ಎರಡು ವಾರ. ಫೋಟೋ ಎರಡು ದಿನ. ಮಾರ್ಕೆಟಿಂಗ್ ಮೂರು ವಾರ. ಸಾಫ್ಟ್‌ವೇರಿನವರು ಏನೇ ಮಾಡಿದರೂ ಪಟ್ಟಿ ಅಂದವಾಗಿರುತ್ತದೆ, ಅದನ್ನು ಒಪ್ಪಲೇಬೇಕು.

ಪದ್ದಕ್ಕ ಕನ್ನಡಕ ಏರಿಸಿಕೊಂಡು ನೋಡಿದಳು. ಪೀಣ್ಯದ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ, ಆರ್ಡರ್ ಬಂದಾಗಿನಿಂದ ಮಾಲು ಹೋಗುವವರೆಗೆ ನೋಡಿಕೊಳ್ಳುವ ಮರ್ಚಂಡೈಸರ್ ಆಗಿ ತಲೆ ಬೆಳ್ಳಗೆ ಮಾಡಿಕೊಂಡವಳು ಅವಳು. "ಹತ್ತು ಗುಣಿಸು ಮೂರು ಗುಣಿಸು ಐದು. 150 ಥರದ ಮಾಲು. ಒಂದೊಂದರಲ್ಲಿ ಬರೀ ನಾಲ್ಕು ಪೀಸ್ ಅಂದರೂ 600 ಕುರ್ತಾ. ಎಲ್ಲಿ ಇಡ್ತೀಯಾ?"

"ಮನೇಲಿ."

"ಹೆಂಡತಿಗೆ ಹೇಳಿದ್ದೀಯಾ?"

ಸೀನ ಉತ್ತರ ಕೊಡದೆ ಚೀಲದಿಂದ ಒಂದು ಕುರ್ತಾ ತೆಗೆದು ಟೇಬಲ್ ಮೇಲೆ ಹರಡಿದ. ಸ್ಯಾಂಪಲ್ ಅಂತೆ. ಪಕ್ಕದ ಬೀದಿಯ ಟೈಲರ್ ಒಂದೇ ದಿನದಲ್ಲಿ ಹೊಲಿದು ಕೊಟ್ಟನಂತೆ. ಅದರ ಮೇಲೆಯೇ ಎರಡು ವಾರದ ಲೆಕ್ಕ ಕಟ್ಟಿದ್ದ. ಮೆರೂನ್ ಬಣ್ಣ, ಸಣ್ಣ ಸಣ್ಣ ಬುಟ್ಟಾ, ನಿಜಕ್ಕೂ ಕಣ್ಣಿಗೆ ಹಿತವಾಗಿತ್ತು. ನಾವೆಲ್ಲ ಮುಂಭಾಗ ನೋಡಿದೆವು. ಪದ್ದಕ್ಕ ಒಳಮಗ್ಗುಲು ನೋಡಿದಳು. ಹೊಲಿಗೆ ಎಳೆದಳು, ಕಂಕುಳ ತಿರುವಿದಳು. ವ್ಯಾನಿಟಿ ಬ್ಯಾಗಿನಿಂದ ಟೇಪು ತೆಗೆದು ಘೇರು, ಅಂದರೆ ಕೆಳಗಿನ ಅಂಚಿನ ಅಗಲ, ಅಳೆದಳು.

"ಇದನ್ನು ಎಲ್ಲಿಂದ ತಂದೆ?"

"ಪೇಟೆಯ ಒಂದು ಅಂಗಡಿ. ಪಕ್ಕಾ ಕೈಮಗ್ಗ ಅಂದರು."

"ಹಿಂಭಾಗದ ಘೇರು 38 ಇಂಚು ಇದೆ. ನಡುವೆ ಎಲ್ಲೂ ಜೋಡಣೆ ಇಲ್ಲ. ನೆಲದ ಗುಂಡಿಯಲ್ಲಿ ಕಾಲಿಳಿಸಿ ನೇಯುವ ಗುಂಡಿಮಗ್ಗದ ಖಣ ಕುಪ್ಪಸಕ್ಕೆ ಅಂತ ಇರುವುದು. ಅದರ ಅಗಲವೇ 31 ಇಂಚಿನ ಆಸುಪಾಸು. 31 ಇಂಚಿನ ಬಟ್ಟೆಯಲ್ಲಿ 38 ಇಂಚಿನ ತುಂಡು ಹೇಗೆ ಕತ್ತರಿಸಿದ ನಿನ್ನ ಟೈಲರು?"

ಟೇಬಲ್ಲಿನಲ್ಲಿ ಮೌನ. ಗುಂಡಣ್ಣನೇ ಬಾಯಿ ಬಿಟ್ಟ. "ಅಂದರೆ ಇದು ಪವರ್‌ಲೂಮು!"

ಅಷ್ಟಕ್ಕೇ ಅವಳು ಬಿಡಲಿಲ್ಲ. ಟಿಶ್ಯೂ ಪೇಪರನ್ನು ನೀರಿನ ಲೋಟದಲ್ಲಿ ಅದ್ದಿ, ತೋಳಿನ ಮೇಲೆ ಹತ್ತು ಸಲ ತಿಕ್ಕಿದಳು. ಟಿಶ್ಯೂ ಕುಂಕುಮದ ಹಾಗೆ ಕೆಂಪಾಯಿತು. ಅದನ್ನು ಸೀನನ ಎಕ್ಸೆಲ್ ಪಕ್ಕ ಇಟ್ಟು, "ಒಗೆದು ನೋಡಿದ್ದೆಯಾ?" ಎಂದಳು.

"ಹೊಸ ಬಟ್ಟೆ ಯಾಕೆ ಒಗೀಬೇಕು?"

"ಕೊಂಡವರು ಒಗೀತಾರಲ್ಲ! ಹತ್ತಿ ಇರುವ ಬಟ್ಟೆ ನೂರಕ್ಕೆ ಐದರಷ್ಟು ಕುಗ್ಗಿತು ಅಂತ ಇಟ್ಟುಕೋ. 40 ಇಂಚಿನ ಕುರ್ತಾ 38 ಆಗುತ್ತದೆ. ಲಾರ್ಜ್ ತಗೊಂಡವಳಿಗೆ ಮೀಡಿಯಂ ಸಿಕ್ಕಿದಂತೆ. ಆಮೇಲೆ ರಿವ್ಯೂ ಓದು, ಸುಮ್ನೆ ಕೂತು."

ಇಷ್ಟರಲ್ಲಿ ಕಾಫಿ ಬಂತು. ಸೀನ ಎರಡು ಗುಟುಕಿಗೆ ಚೇತರಿಸಿಕೊಂಡ. ಅವನ ಹತ್ತಿರ ಒಂದು ಬ್ರಹ್ಮಾಸ್ತ್ರ ಇತ್ತು.

"ಸ್ಪೇನಿನ ಬಟ್ಟೆ ಕಂಪನಿ ಜಾರಾದವರು ಕೆಲವೇ ವಾರದಲ್ಲಿ ಡಿಸೈನ್ ಮಾಡಿ ಅಂಗಡಿಗೆ ಇಳಿಸುತ್ತಾರೆ. ನಮಗೆ ಯಾಕೆ ಆಗಲ್ಲ?"

ಇಂಥ ಪ್ರಶ್ನೆ ಕೇಳುವವರನ್ನು ಕಂಡರೆ ನನಗೆ ಗೌರವ. ಪೀಣ್ಯದಲ್ಲಿ ಕೆಲಸ ಮಾಡಿದವಳ ಮುಂದೆ ಕೇಳುವುದಕ್ಕೆ ಧೈರ್ಯ ಬೇಕು.

"ಸ್ಪೇನಿನಲ್ಲಿ ಅವರ ಹತ್ತಿರ ಬಣ್ಣ ಹಾಕದ ಬಟ್ಟೆ ಮೊದಲೇ ರಾಶಿ ಬಿದ್ದಿರುತ್ತದೆ," ಎಂದಳು ಪದ್ದಕ್ಕ. "ಕತ್ತರಿಸುವ ಕಾರ್ಖಾನೆ ಅವರದೇ. ಹೊಲಿಯುವವರು ಅಲ್ಲೇ ಅಕ್ಕಪಕ್ಕ. ಪೋರ್ಚುಗಲ್, ಮೊರಾಕೊ. ಟ್ರೆಂಡು ಗೊತ್ತಾದ ಮೇಲೆ ಬಣ್ಣ ಹಾಕುತ್ತಾರೆ, ಹೊಲಿಯುತ್ತಾರೆ, ಕಳಿಸುತ್ತಾರೆ. ಹಾಗೆ ಮಾಡದ ದೊಡ್ಡ ಕಂಪನಿಗಳು ಬೇಸಿಗೆಯ ಮಾಲನ್ನು ಹಿಂದಿನ ವರ್ಷದ ಸೆಪ್ಟೆಂಬರಿನಲ್ಲೇ ತೋರಿಸಿ ಆರ್ಡರ್ ತಗೋತಾರೆ. ಜಾರಾದವರ ಹತ್ತಿರ ಬಟ್ಟೆ ಇದೆ. ನಿನ್ನ ಹತ್ತಿರ ಲೋಗೋ ಇದೆ."

"ಖಣಕ್ಕೆ ಹಾಗೆ ಮಾಡಕ್ಕಾಗಲ್ವಾ? ನೇಯಿಸಿ ಇಟ್ಟುಕೊಂಡು ಆಮೇಲೆ ಬಣ್ಣ?"

"ಖಣದಲ್ಲಿ ನೂಲಿಗೇ ಬಣ್ಣ. ಆಮೇಲೆ ಹಾಸು, ಅಂದರೆ ಉದ್ದದ ಎಳೆ ಹೂಡುವುದು. ಆಮೇಲೆ ಮಗ್ಗ. ನೇಯ್ದ ಮೇಲೆ 'ಇದನ್ನು ಪಿಸ್ತಾ ಮಾಡಿ' ಅಂದರೆ ನೇಕಾರರು ಪಿಸ್ತಾ ಕೊಡಲ್ಲ, ಬೇರೆ ಏನಾದರೂ ಕೊಡುತ್ತಾರೆ."

ನಂತರ ಟಿಶ್ಯೂ ಹಿಂಭಾಗದಲ್ಲಿ ಲೆಕ್ಕ ನಡೆಯಿತು. ಅಗಲ ಕಮ್ಮಿ ಇರುವ ಬಟ್ಟೆ, ಆದ್ದರಿಂದ ಕುರ್ತಾಕ್ಕೆ ಮೂರೂವರೆ ಮೀಟರ್ ಹಿಡಿ. 600 ಕುರ್ತಾಕ್ಕೆ 2,100 ಮೀಟರ್. ಒಂದು ಮಗ್ಗ ದಿನಕ್ಕೆ ಮೂರು ಮೀಟರ್ ನೇಯಿತು ಅಂತಲೇ ಇಟ್ಟುಕೊಳ್ಳೋಣ. 700 ದಿನ.

"ಎರಡು ವರ್ಷವಾ!" ಸೀನ ಎದ್ದೇ ನಿಂತ.

"ಒಂದೇ ಮಗ್ಗ ಆದರೆ. ಹತ್ತು ಮಗ್ಗ ಸಿಕ್ಕರೆ 70 ದಿನ. ಆದರೆ ಹೊಸಬನಿಗೆ ಹತ್ತು ಮಗ್ಗ ಯಾರು ಬಿಟ್ಟುಕೊಡುತ್ತಾರೆ? ಅವರಿಗೆ ಅವರದೇ ಗಿರಾಕಿಗಳು, ಹಬ್ಬ, ಮದುವೆ. ಜನವರಿಯಲ್ಲಿ ಕೇಳಿದರೆ ಬಾದಾಮಿಯ ಬನಶಂಕರಿ ಜಾತ್ರೆ ಮುಗೀಲಿ ಅಂತಾರೆ. ನೇಕಾರರ ಕುಲದೇವರು ಅವಳು. ಅವಳನ್ನು ನಿನ್ನ ಎಕ್ಸೆಲ್‌ನಲ್ಲಿ ಯಾವ ಕಲರ್ ಹಾಕಿದ್ದೀಯಾ?"

ಸೀನ ಕೂತ. ಹತ್ತು ಡಿಸೈನು ಮೂರಾಯಿತು, ಮೂರು ಬಣ್ಣ ಎರಡಾಯಿತು. ಒಂದೊಂದನ್ನು ಅಳಿಸುವಾಗಲೂ ಅವನ ಮುಖ ನೋಡಬೇಕಿತ್ತು. ಕೊನೆಗೆ ಉಳಿದಿದ್ದು 200 ಪೀಸು, 700 ಮೀಟರು. ಯುಗಾದಿ ಹೋಯಿತು, ದೀಪಾವಳಿ ಬಂತು.

"ಈ ವರ್ಷ ದೀಪಾವಳಿ ನವೆಂಬರ್ 8ಕ್ಕೆ ಶುರು," ಎಂದಳು ಪದ್ದಕ್ಕ. "ಇನ್ನು ಹಿಂದಕ್ಕೆ ಎಣಿಸು. ಜನ ಹಬ್ಬದ ಹಿಂದಿನ ದಿನ ಆನ್‌ಲೈನಿನಲ್ಲಿ ಬಟ್ಟೆ ಕೊಳ್ಳುವುದಿಲ್ಲ. ದಸರಾ ಹೊತ್ತಿಗೆ ಮಾರಾಟ ಶುರುವಾಗಬೇಕು. ಮಾಲು ಸೆಪ್ಟೆಂಬರ್ ಕೊನೆಗೆ ಮನೇಲಿ ಇರಬೇಕು. ಆಯುಧಪೂಜೆ ದಿನ ಹೊಲಿಗೆ ಮೆಷಿನ್ನಿಗೂ ಕುಂಕುಮ ಹೂವು. ಅದರ ಮೇಲೆ ನೀನು ಕುರ್ತಾ ಹೊಲಿಸಕ್ಕಾಗಲ್ಲ. ಅದಕ್ಕೇ ಹೊಲಿಗೆ ಆಗಸ್ಟಿಗೆ. ಬಟ್ಟೆ ಜುಲೈ ಕೊನೆಗೆ ಕೈಗೆ ಬರಬೇಕು. ನೇಯ್ಗೆ ಮೇ ನಡುವಿನಿಂದ. ಅದಕ್ಕೆ ಮುಂಚೆ ನೂಲು, ಬಣ್ಣ. ಅದಕ್ಕೂ ಮುಂಚೆ ಸ್ಯಾಂಪಲ್ಲು. ಅಂದರೆ ನೀನು ಫೆಬ್ರವರಿಯಲ್ಲಿ ಶುರು ಮಾಡಬೇಕು. ಅಂದರೆ ನಾಳೆ."

"200 ಕುರ್ತಾ ಹೊಲಿಯಕ್ಕೆ ಒಂದು ತಿಂಗಳಾ?"

ಇದಕ್ಕೆ ಗುಂಡಣ್ಣನೇ ತಜ್ಞ. ಅವನ ಹೆಂಡತಿಯ ವರಮಹಾಲಕ್ಷ್ಮಿ ಬ್ಲೌಸು ಗೌರಿ ಹಬ್ಬಕ್ಕೆ ಬರುವುದು ಅವರ ಮನೆಯ ಸಂಪ್ರದಾಯ. "ಹೊಲಿಯುವುದು ಬೇಗ ಆಗುತ್ತದೆ ಮಾರಾಯ. ಆಮೇಲೆ ಕಾಜಾ ಗುಂಡಿಗೆ ಒಂದು ಕಡೆ ಹೋಗುತ್ತದೆ, ಓವರ್‌ಲಾಕಿಗೆ ಇನ್ನೊಂದು ಕಡೆ, ಇಸ್ತ್ರಿಗೆ ಮತ್ತೊಂದು ಕಡೆ. ಕಾಜಾ ಹಾಕುವವನ ಅಂಗಡಿ ಮುಂದೆ ನಾನು ನಿಂತಷ್ಟು ಹೊತ್ತು ತಿರುಪತಿಯಲ್ಲೂ ನಿಂತಿಲ್ಲ."

"ಜೂನಿನಲ್ಲಿ ಮಾತ್ರ ಹೊಲಿಗೆಗೆ ಹೋಗಬೇಡ," ಎಂದಳು ಪದ್ದಕ್ಕ. "ಸ್ಕೂಲು ತೆರೆಯುವ ಹೊತ್ತು. ಸಣ್ಣ ಯೂನಿಟ್ಟುಗಳೆಲ್ಲ ಯೂನಿಫಾರ್ಮಿನಲ್ಲಿ ಮುಳುಗಿರುತ್ತವೆ. ನಿನ್ನ ಖಣ ನೀಲಿ ಚಡ್ಡಿಗಳ ಕೆಳಗೆ ಮಲಗುತ್ತದೆ."

ಸೀನನಿಗೆ ಏನೋ ಹೊಳೆಯಿತು. "ಈ ವರ್ಷ ಅಧಿಕ ಮಾಸ ಇದೆಯಲ್ವಾ? ಒಂದು ತಿಂಗಳು ಎಕ್ಸ್‌ಟ್ರಾ ಸಿಗುತ್ತದೆ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಪದ್ದಕ್ಕ ನಗಲಿಲ್ಲ. "ಅವನು ಹೇಳಿದ್ದು ಸರಿ ಕಣ್ರೋ. ಹೋದ ವರ್ಷ ನರಕ ಚತುರ್ದಶಿ ಅಕ್ಟೋಬರ್ 20ಕ್ಕೇ ಬಂದಿತ್ತು. ಈ ಸಲ ಮೇ 17ರಿಂದ ಅಧಿಕ ಜ್ಯೇಷ್ಠ. ಅದಕ್ಕೇ ದೀಪಾವಳಿ ನವೆಂಬರಿಗೆ ಹೋಗಿದೆ. ಸುಮಾರು ಮೂರು ವಾರ ಬಿಟ್ಟಿ ಸಿಕ್ಕಿದೆ." ಇಡೀ ಸಂಜೆಯಲ್ಲಿ ಸೀನ ಗೆದ್ದ ಒಂದೇ ಪಾಯಿಂಟು ಅದು. ಅದಕ್ಕೊಂದು ಮದ್ದೂರು ವಡೆ ತರಿಸಿಕೊಂಡ.

"ಆ ಮೂರು ವಾರವನ್ನು ಏನೂ ಬರೆಯದೆ ಖಾಲಿ ಬಿಡು. ಯಾರಿಗೂ ಹೇಳಬೇಡ. ಟೈಲರಿಗಂತೂ ಹೇಳಲೇಬೇಡ. ಅವನಿಗೆ ಹೇಳುವ ತಾರೀಖು ಬೇರೆ, ನಿನ್ನ ತಾರೀಖು ಬೇರೆ."

"ಸ್ಯಾಂಪಲ್ಲಿಗೆ ಮೂರು ತಿಂಗಳು ಯಾಕೆ?" ಎಂದು ನಾನು ಕೇಳಿದೆ. ನನಗೂ ಏನಾದರೂ ಕೇಳಬೇಕು ಅನಿಸಿತ್ತು.

"ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ಅಳತೆ ನೋಡಬೇಕು. ಖಣದ ಅಗಲ ಕಮ್ಮಿ, ಹಾಗಾಗಿ ಘೇರಿಗೆ ಪಕ್ಕದಲ್ಲಿ ಕಳಿ, ಅಂದರೆ ಹೆಚ್ಚುವರಿ ತುಂಡು, ಸೇರಿಸಬೇಕು. ಪ್ಯಾಟರ್ನೇ ಹೊಸದು. ಕಳಿ ಸೇರಿದ ಕಡೆ ಬುಟ್ಟಾ ಸಾಲು ತಪ್ಪಬಾರದು. ಆಮೇಲೆ ನಿಜವಾದ ಬಟ್ಟೆಯಲ್ಲಿ ಒಂದು. ಒಗೆದು ಇನ್ನೊಂದು. ಆಮೇಲೆ ಐದೂ ಸೈಜಿನಲ್ಲಿ ಒಂದೊಂದು. ಎಕ್ಸೆಲ್ ಅಂದರೆ ಮೀಡಿಯಮ್ಮನ್ನು ಎಲ್ಲ ಕಡೆ ಸಮನಾಗಿ ಹಿಗ್ಗಿಸುವುದು ಅಂದುಕೊಂಡಿದ್ದೀಯಾ? ಎದೆ ಹಿಗ್ಗಿದಷ್ಟು ಭುಜ ಹಿಗ್ಗಲ್ಲ. ಪ್ರತಿ ಸಲವೂ ತಿದ್ದು, ಪ್ರತಿ ತಿದ್ದಿಗೂ 'ನಾಳೆ ಬನ್ನಿ'."

"ಎಕ್ಸೆಲ್ ಅಂದರೆ ಇದಲ್ವಾ?" ಎಂದು ಗುಂಡಣ್ಣ ಲ್ಯಾಪ್‌ಟಾಪ್ ತೋರಿಸಿದ. ಯಾರೂ ಅವನ ಕಡೆ ನೋಡಲಿಲ್ಲ.

ಮಿಕ್ಕಿದ್ದು ಬೇಗ ಬೇಗ ಮುಗಿಯಿತು. ಬೆಲೆ 2,600 ಇಡೋಣ ಅಂದ ಸೀನ. 2,500 ದಾಟಿದರೆ ಜಿಎಸ್‌ಟಿ ಐದರಿಂದ ಹದಿನೆಂಟಕ್ಕೆ ಹಾರುತ್ತದೆ, 2025ರ ಸೆಪ್ಟೆಂಬರಿನಿಂದ ಅದೇ ನಿಯಮ, ಅಂದಳು ಪದ್ದಕ್ಕ. ಬೆಲೆ ತಕ್ಷಣ 2,499ಕ್ಕೆ ಇಳಿಯಿತು. ಫೋಟೋ ಎರಡು ದಿನದ ಕೆಲಸವೇ ಹೌದು, ಆದರೆ ಅದಕ್ಕೆ ಬಟ್ಟೆ ಬೇಕು, ಕುರ್ತಾಗಳು ಇಸ್ತ್ರಿಯವನಿಂದ ವಾಪಸ್ ಬಂದಿರಬೇಕು.

"ಹೆಸರಿಗೆ ಟ್ರೇಡ್‌ಮಾರ್ಕ್ ಹಾಕಿದ್ದೀಯಾ?" ಎಂದು ನಾನು ಕೇಳಿದೆ. "ಉಡುಪಿಗೆ 25ನೇ ವರ್ಗ. ಅರ್ಜಿ ಪರಿಶೀಲನೆ ಆಗಿ ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಬಂದ ಮೇಲೂ ತಕರಾರಿಗೆ ಅಂತ ನಾಲ್ಕು ತಿಂಗಳು ಕಾಯಬೇಕು."

"ಆ ಹೆಸರು ಬೇರೆಯವರದಾ ಅಂತ ಮೊದಲು ಹುಡುಕಿ ನೋಡಬೇಕಿತ್ತಾ?"

"ಯಾಕೆ?"

"ಲೇಬಲ್ ನೇಯಿಸಿಬಿಟ್ಟೆ. ಕನಿಷ್ಠ ಸಾವಿರ ಅಂದರು. ಐದು ಸಾವಿರ ತಗೊಂಡರೆ ಅಗ್ಗ ಅಂದರು."

"200 ಕುರ್ತಾಕ್ಕೆ 5,000 ಲೇಬಲ್ಲು," ಎಂದ ಗುಂಡಣ್ಣ. "ಒಂದೊಂದಕ್ಕೆ ಇಪ್ಪತ್ತೈದು ಹಚ್ಚು. ಕಸೂತಿ ಅಂತ ಮಾರು."

ಸೀನ ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿದ. ಪಟ್ಟಿ ಈಗ ಉದ್ದವಾಗಿ ಪರದೆ ದಾಟಿ ಬಲಕ್ಕೆ ಹೋಗಿತ್ತು. ನೋಡಿ ತೃಪ್ತಿಯಾದಂತೆ ಕಂಡಿತು. "ಆಯ್ತು. ದೀಪಾವಳಿಗೆ ಮೊದಲನೇದು. ಎರಡನೇ ಕಲೆಕ್ಷನ್ ಸಂಕ್ರಾಂತಿಗೆ ತಂದುಬಿಡೋಣ."

"ಹಾಗಾದರೆ ಅದರ ನೂಲಿಗೆ ಜೂನಿನಲ್ಲಿ ಹೇಳಬೇಕು," ಎಂದಳು ಪದ್ದಕ್ಕ.

"ಜೂನಿನಲ್ಲಿ ಮೊದಲನೇದೇ ಇನ್ನೂ ಮಗ್ಗದ ಮೇಲಿರುತ್ತದಲ್ಲ?"

"ಇರುತ್ತದೆ."

"ಒಂದು ಪೀಸೂ ಮಾರಿರಲ್ಲ. ದುಡ್ಡು ಎಲ್ಲಿಂದ?"

ಪದ್ದಕ್ಕ ಟೇಪು ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಸೀನ ಸ್ವಲ್ಪ ಹೊತ್ತು ಪರದೆ ನೋಡಿ, ಎಲ್ಲಕ್ಕಿಂತ ಮೇಲೆ ಹೊಸ ಸಾಲೊಂದು ಸೇರಿಸಿದ. ನಾನು ಇಣುಕಿದೆ. 'ಅಪ್ಪನ ಹತ್ತಿರ ಮಾತು: ಒಂದು ದಿನ.'

"ಅದಕ್ಕೆ ಮೂರು ತಿಂಗಳು ಇಡು," ಎಂದ ಗುಂಡಣ್ಣ.