ಸಲ್ಫೇಟ್ ಹಿಡಿದ ಬ್ಯಾಟರಿಗೆ ಮನೆಯಲ್ಲೇ ಕಟ್ಟಿದ ಪಲ್ಸ್ ಚಾರ್ಜರ್: ಮಾಡಿ ನೋಡಿದವರ ಅನುಭವ

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು ಕೇಳಿದ್ದು:

ನಮಸ್ಕಾರ. ನಮ್ಮ ಮನೆಯಲ್ಲಿ 12 ವೋಲ್ಟ್, 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ. ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇರಲಿಲ್ಲ. ಬ್ಯಾಟರಿ ಪೂರ್ತಿ ಇಳಿದು ಹಾಗೇ ಕೂತಿತ್ತು. ಈಗ ಚಾರ್ಜ್‌ಗೆ ಹಾಕಿದರೆ ಬೇಗನೆ ಫುಲ್ ಅಂತ ತೋರಿಸುತ್ತದೆ, ಎರಡು ಲೈಟ್ ಹಾಕಿದರೆ ಸ್ವಲ್ಪ ಹೊತ್ತಿಗೇ ಇನ್ವರ್ಟರ್ ಕೂಗುತ್ತದೆ. 555 ಟೈಮರ್ ಐಸಿ, ಐಆರ್‌ಎಫ್‌ಝಡ್44 ಮಾಸ್‌ಫೆಟ್ (ಸ್ವಿಚ್ ಥರ ಆನ್-ಆಫ್ ಆಗುವ ಟ್ರಾನ್ಸಿಸ್ಟರ್), 1ಎನ್4007 ಡಯೋಡ್, ಫೆರೈಟ್ ರಿಂಗ್‌ಗೆ ನಾನೇ ಸುತ್ತಿದ ಕಾಯಿಲ್ ಹಾಕಿ ಪ್ಲೇಟ್ ಮೇಲೆ ಗಟ್ಟಿಯಾಗಿ ಕೂತ ಸಲ್ಫೇಟ್ ಕರಗಲಿ ಅಂತ ಬ್ಯಾಟರಿಗೆ ಚೂಪಾದ ಕರೆಂಟ್ ಮಿಡಿತ ಕೊಡುವ ಪಲ್ಸ್ ಸರ್ಕ್ಯೂಟ್ ಕಟ್ಟಿದ್ದೇನೆ. ಮಾಸ್‌ಫೆಟ್ ಮುಟ್ಟಲಾಗದಷ್ಟು ಬಿಸಿ. ಬ್ಯಾಟರಿಯಲ್ಲಿ ಏನೂ ಬದಲಾವಣೆ ಇಲ್ಲ. ಎಲ್ಲಿ ನೋಡಬೇಕು?

ಮೈಸೂರಿನ ಎಲೆಕ್ಟ್ರಾನಿಕ್ಸ್ ಹವ್ಯಾಸಿ:

ಸರ್, ಬಿಸಿಗೆ ಕಾರಣ ಬಹುಶಃ 555ರಲ್ಲೇ ಇದೆ. ಎರಡು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ ಮಾಮೂಲಿಯಾಗಿ ಕಟ್ಟಿದರೆ ಅದರ ಔಟ್‌ಪುಟ್ ಅರ್ಧಕ್ಕಿಂತ ಜಾಸ್ತಿ ಹೊತ್ತು ಮೇಲೇ (ಹೈ ವೋಲ್ಟೇಜಿನಲ್ಲೇ) ಇರುತ್ತದೆ. ನಿಮ್ಮದು ಎನ್-ಚಾನೆಲ್ ಮಾಸ್‌ಫೆಟ್, ಹಾಗಾಗಿ ಅಷ್ಟೂ ಹೊತ್ತು ಆನ್. ಕಾಯಿಲ್‌ನಲ್ಲಿ ಕರೆಂಟ್ ಎಷ್ಟು ಏರುತ್ತದೆ ಅನ್ನುವ ಲೆಕ್ಕ ಸುಲಭ. ವೋಲ್ಟೇಜನ್ನು ಆನ್ ಇರುವ ಸಮಯದಿಂದ ಗುಣಿಸಿ, ಇಂಡಕ್ಟೆನ್ಸ್‌ನಿಂದ ಭಾಗಿಸಿ. 220 ಮೈಕ್ರೋಹೆನ್ರಿ ಕಾಯಿಲ್‌ಗೆ 12 ವೋಲ್ಟನ್ನು 50 ಮೈಕ್ರೋಸೆಕೆಂಡ್ ಕೊಟ್ಟರೆ ಸುಮಾರು 2.7 ಆಂಪ್. 500 ಮೈಕ್ರೋಸೆಕೆಂಡ್ ಕೊಟ್ಟರೆ 27 ಆಂಪ್! ಅಷ್ಟಕ್ಕೆ ಹೋಗುವ ಮುಂಚೆಯೇ ಗ್ಯಾಪ್ ಇಲ್ಲದ ಫೆರೈಟ್ ರಿಂಗ್ ಸ್ಯಾಚುರೇಟ್ ಆಗುತ್ತದೆ, ಅಂದರೆ ಅದರ ಕಾಂತತ್ವ ತುಂಬಿಹೋಗುತ್ತದೆ. ಆಮೇಲೆ ಅದು ಕಾಯಿಲ್ ಅಲ್ಲ, ಬರೀ ತಂತಿ. ಮಾಸ್‌ಫೆಟ್ ಬಿಸಿಯಾಗದೆ ಇನ್ನೇನಾಗುತ್ತದೆ?

ಸರಿ ಮಾಡುವುದು ಕಷ್ಟವಲ್ಲ. 7ನೇ ಪಿನ್‌ನಿಂದ ಪ್ಲಸ್‌ಗೆ 6.8 ಕೆ, 7 ಮತ್ತು 6ರ ಮಧ್ಯೆ 120 ಕೆ, ಕೆಪಾಸಿಟರ್ 0.01 ಮೈಕ್ರೋಫ್ಯಾರಡ್. ಆ 120 ಕೆ ಮೇಲೆ ಒಂದು 1ಎನ್4148 ಡಯೋಡ್ ಹಾಕಿ, ಅದರ ಪಟ್ಟಿ ಇರುವ ತುದಿ 6ನೇ ಪಿನ್ ಕಡೆಗಿರಲಿ. ಈಗ ಆನ್ ಸಮಯ 50 ಮೈಕ್ರೋಸೆಕೆಂಡ್ ಆಸುಪಾಸಿಗೆ ಬರುತ್ತದೆ, ಪಲ್ಸ್ ಸೆಕೆಂಡಿಗೆ ಸಾವಿರದ ಹತ್ತಿರ. ಕಾಯಿಲ್‌ಗೆ ಹಳೇ ಕಂಪ್ಯೂಟರ್ ಪವರ್ ಸಪ್ಲೈನಲ್ಲಿರುವ ಹಳದಿ-ಬಿಳಿ ರಿಂಗ್ ಬಳಸಿ. ಅದು ಕಬ್ಬಿಣದ ಪುಡಿಯದ್ದು, ಬೇಗ ಸ್ಯಾಚುರೇಟ್ ಆಗುವುದಿಲ್ಲ. ಗುಜರಿಯಲ್ಲಿ ಸುಲಭವಾಗಿ ಸಿಗುತ್ತದೆ.

1ಎನ್4007 ತೆಗೆದುಬಿಡಿ. ಅದು 50 ಹರ್ಟ್ಸ್ ಕೆಲಸಕ್ಕೆ ಮಾಡಿದ ನಿಧಾನದ ಡಯೋಡ್, ಅದೂ 1 ಆಂಪಿಂದು. ಎಫ್‌ಆರ್307 ಅಥವಾ ಯುಎಫ್5408 ಹಾಕಿ. ಮಾಸ್‌ಫೆಟ್ ತಡೆಯುವುದು 55-60 ವೋಲ್ಟ್ ಮಾತ್ರ. ಪಲ್ಸ್ ಹೋಗುವಾಗ ಬ್ಯಾಟರಿ ಕ್ಲಿಪ್ ಒಮ್ಮೆ ಸಡಿಲವಾದರೆ ಕಾಯಿಲ್‌ನ ಶಕ್ತಿಗೆ ಹೋಗಲು ದಾರಿ ಇರುವುದಿಲ್ಲ, ಆ ಕ್ಷಣಕ್ಕೆ ಮಾಸ್‌ಫೆಟ್ ಹೋಗುತ್ತದೆ. 100 ವೋಲ್ಟಿನ ಐಆರ್‌ಎಫ್540 ಹಾಕಿದರೆ ಸ್ವಲ್ಪ ಉಸಿರಾಡಬಹುದು, ಆದರೂ ಕ್ಲಿಪ್ ಗಟ್ಟಿಯಾಗಿರಲಿ. 555 ತಡೆಯುವುದು 16 ವೋಲ್ಟ್. ಅದರ ಸಪ್ಲೈಗೆ 330 ಓಮ್, 15 ವೋಲ್ಟ್ ಝೀನರ್ (ವೋಲ್ಟೇಜ್ ಅದಕ್ಕಿಂತ ಏರದಂತೆ ಹಿಡಿಯುವ ಡಯೋಡ್), ಒಂದು ಕೆಪಾಸಿಟರ್ ಬೇಕೇ ಬೇಕು. ಬ್ಯಾಟರಿ ಪ್ಲಸ್ ಹತ್ತಿರವೇ 5 ಆಂಪ್ ಫ್ಯೂಸ್ ಹಾಕಿ. ವಯರ್ ದಪ್ಪ, ಗಿಡ್ಡ ಇರಬೇಕು. ಉದ್ದ ವಯರ್ ಪಲ್ಸಿನ ಚೂಪನ್ನೇ ಮೊಂಡು ಮಾಡುತ್ತದೆ.

ಬೆಂಗಳೂರಿನಿಂದ, ನಿವೃತ್ತ ತಂತ್ರಜ್ಞರು:

ಒಂದು ಮಾತು ಸೇರಿಸುತ್ತೇನೆ. ಪಲ್ಸ್ ಹಾಕುವಾಗ ಇನ್ವರ್ಟರ್ ಕನೆಕ್ಷನ್ ಬಿಚ್ಚಿದ್ದೀರಾ? ಅದರೊಳಗಿನ ದೊಡ್ಡ ಕೆಪಾಸಿಟರ್‌ಗಳು ನಿಮ್ಮ ಪಲ್ಸನ್ನೆಲ್ಲ ನುಂಗಿಬಿಡುತ್ತವೆ, ಪ್ಲೇಟಿಗೆ ಏನೂ ತಲುಪುವುದಿಲ್ಲ. ಜೊತೆಗೆ ಹಾಕುವ ಚಿಕ್ಕ ಚಾರ್ಜರ್‌ದೂ ಅದೇ ಕಥೆ. ಅದರ ಪ್ಲಸ್ ವಯರಿಗೆ 1 ಮಿಲಿಹೆನ್ರಿ ಚೋಕ್ (ಪಲ್ಸ್ ಆ ಕಡೆ ಹೋಗದಂತೆ ತಡೆಯುವ ಕಾಯಿಲ್) ಹಾಕಿ. ಚಾರ್ಜರ್ ಮಾತ್ರ ಇರಲೇಬೇಕು, ಯಾಕೆಂದರೆ ನಿಮ್ಮ ಸರ್ಕ್ಯೂಟ್ ಬ್ಯಾಟರಿಯಿಂದಲೇ ತಿನ್ನುತ್ತದೆ. ಪಲ್ಸ್ ಬರುತ್ತಿದೆಯೋ ಇಲ್ಲವೋ ಅಂತ ಮಲ್ಟಿಮೀಟರಿನಲ್ಲಿ ಗೊತ್ತಾಗುವುದಿಲ್ಲ, ಅದು ಸರಾಸರಿ ತೋರಿಸುತ್ತದೆ ಅಷ್ಟೇ. ಹತ್ತಿರದ ಐಟಿಐ ಅಥವಾ ಪಾಲಿಟೆಕ್ನಿಕ್‌ನಲ್ಲಿ ಆಸಿಲೋಸ್ಕೋಪ್ ಇದ್ದರೆ ಕೇಳಿ ನೋಡಿ.

ಟ್ರಾನ್ಸ್‌ಫಾರ್ಮರ್ ಇಲ್ಲದೆ ಕೆಪಾಸಿಟರ್ ಮೂಲಕ ನೇರ 230 ವೋಲ್ಟಿನಿಂದ ಚಾರ್ಜ್ ಮಾಡುವ ಸರ್ಕ್ಯೂಟ್‌ಗಳೂ ಓಡಾಡುತ್ತಿವೆ. ದಯವಿಟ್ಟು ಅದರ ಹತ್ತಿರ ಹೋಗಬೇಡಿ. ಬ್ಯಾಟರಿ ಟರ್ಮಿನಲ್ ಮುಟ್ಟಿದವರಿಗೆ ಮೇನ್ಸ್ ಶಾಕ್ ಹೊಡೆಯುತ್ತದೆ.

ಹುಬ್ಬಳ್ಳಿಯಲ್ಲಿ ಇನ್ವರ್ಟರ್ ಸರ್ವಿಸ್ ಮಾಡುವವರು:

ಎಲ್ಲರೂ ಸರ್ಕ್ಯೂಟ್ ಹೇಳಿದ್ದಾರೆ, ನಾನು ಬ್ಯಾಟರಿ ಬಗ್ಗೆ ಹೇಳುತ್ತೇನೆ. ಪಲ್ಸ್ ಕೆಲಸ ಮಾಡುವುದು ಸಲ್ಫೇಷನ್‌ಗೆ ಮಾತ್ರ. ಬ್ಯಾಟರಿ ಇಳಿದಾಗ ಪ್ಲೇಟ್ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ಕೂಡಲೇ ಚಾರ್ಜ್ ಮಾಡಿದರೆ ಕರಗುತ್ತದೆ. ಬಿಟ್ಟರೆ ಹರಳು ದೊಡ್ಡದಾಗಿ ಗಟ್ಟಿಯಾಗುತ್ತದೆ. ಚಾರ್ಜಿಗೆ ಹಾಕಿದ ಕೂಡಲೇ ವೋಲ್ಟೇಜ್ 15ರ ಹತ್ತಿರ ಹಾರಿ, ಕರೆಂಟ್ ಮಾತ್ರ ಒಳಗೆ ಹೋಗದಿದ್ದರೆ ಅದು ಸಲ್ಫೇಟ್. ಎಷ್ಟು ಹೊತ್ತು ಚಾರ್ಜ್ ಮಾಡಿದರೂ ವೋಲ್ಟೇಜ್ ಮೇಲೇರದೆ, ಬಿಚ್ಚಿಟ್ಟರೆ 10.5ರ ಹತ್ತಿರ ನಿಲ್ಲುತ್ತಿದ್ದರೆ ಒಂದು ಸೆಲ್ ಶಾರ್ಟ್ ಆಗಿದೆ. ಅದಕ್ಕೆ ಯಾವ ಪಲ್ಸೂ ಔಷಧಿ ಅಲ್ಲ.

ಹೈಡ್ರೋಮೀಟರ್ (ಆಸಿಡ್ ಎಷ್ಟು ಗಟ್ಟಿ ಅನ್ನುವ ಗ್ರಾವಿಟಿ ಅಳೆಯುವ ಸಾಧನ) ತಗೊಂಡು ಆರೂ ಸೆಲ್ ನೋಡಿ ಬರೆದಿಡಿ. ಟ್ಯೂಬುಲರ್ ಆದರೆ ಫುಲ್ ಚಾರ್ಜಿನಲ್ಲಿ 1.240 ಆಸುಪಾಸು ಬರಬೇಕು. ಎಲ್ಲ ಸೆಲ್ಲೂ ಒಂದೇ ಸಮ ಕಡಿಮೆ ಇದ್ದರೆ ಆಸೆ ಇದೆ. ಗ್ರಾವಿಟಿ ಕಡಿಮೆ ಅಂತ ಆಸಿಡ್ ಮಾತ್ರ ಹಾಕಬೇಡಿ. ನಿಮ್ಮ ಆಸಿಡ್ ಸಲ್ಫೇಟ್ ಆಗಿ ಪ್ಲೇಟಿನಲ್ಲೇ ಇದೆ. ಅದು ವಾಪಸ್ ಬಂದಾಗ ಗ್ರಾವಿಟಿ ಅತಿ ಆಗುತ್ತದೆ. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ.

ನನ್ನ ಅಭಿಪ್ರಾಯ ಕೇಳಿದರೆ, ಚೇತರಿಕೆಯಲ್ಲಿ ದೊಡ್ಡ ಪಾಲು ಪಲ್ಸಿನದ್ದಲ್ಲ, ಜೊತೆಗೆ ವಾರಗಟ್ಟಲೆ ಹೋಗುವ ಸಣ್ಣ ಕರೆಂಟಿನದ್ದು. ಹಾಗಾಗಿ ಅವಸರ ಬೇಡ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ 4 ಪರ್ಸೆಂಟ್ ಸೇರಿದರೆ ಸಾಕು, ಕಿಡಿ ತಗುಲಿದರೆ ಸಿಡಿಯುತ್ತದೆ. ಕಿಟಕಿ ತೆಗೆದಿಡಿ. ಆಯುಧ ಪೂಜೆಗೆ ಬ್ಯಾಟರಿ ಮುಂದೆ ದೀಪ ಹಚ್ಚುವವರು ಅವತ್ತು ಚಾರ್ಜಿಂಗ್ ನಿಲ್ಲಿಸಿಡಿ.

ಕೇಳಿದವರು, ಕೆಲವು ವಾರ ಬಿಟ್ಟು:

ಎಲ್ಲರಿಗೂ ಧನ್ಯವಾದ. 1ಎನ್4148 ಹಾಕಿದ ಮೇಲೆ ಮಾಸ್‌ಫೆಟ್ ಬರೀ ಬೆಚ್ಚಗಿದೆ. ಇನ್ವರ್ಟರ್ ಬಿಚ್ಚಿ, ಚೋಕ್ ಹಾಕಿ ಬಿಟ್ಟಿದ್ದೆ. ಐದು ಸೆಲ್ 1.220 ದಾಟಿವೆ. ಪ್ಲಸ್ ಪಕ್ಕದ ಸೆಲ್ ಮಾತ್ರ 1.130ರಲ್ಲೇ ನಿಂತಿದೆ. ಇನ್ನೂ ಮುಂದುವರಿಸಲಾ?

ಹುಬ್ಬಳ್ಳಿಯವರು:

ಆ ಒಂದು ಸೆಲ್ಲಿಗೆ ಮಾತ್ರ ಬೇರೆ 2 ವೋಲ್ಟ್ ಚಾರ್ಜ್ ಕೊಡಲು ಟ್ಯೂಬುಲರಿನಲ್ಲಿ ಹೊರಗೆ ಕನೆಕ್ಷನ್ ಇರುವುದಿಲ್ಲ. ಇಡೀ ಬ್ಯಾಟರಿಯನ್ನು 15 ವೋಲ್ಟಿಗೆ, 3 ಆಂಪ್ ಮೀರದಂತೆ, ಒಂದು ಹಗಲು ಇಡಿ. ಬಿಸಿ 45 ಡಿಗ್ರಿ ದಾಟಿದರೆ ನಿಲ್ಲಿಸಿ. ಆಮೇಲೆ ಹಳೇ ಕಾರಿನ 55 ವಾಟ್ ಹೆಡ್‌ಲೈಟ್ ಬಲ್ಬ್ ಹಚ್ಚಿ ಗಂಟೆಗೊಮ್ಮೆ ವೋಲ್ಟೇಜ್ ಬರೆಯಿರಿ. ಸುಮಾರು ನಾಲ್ಕೂವರೆ ಆಂಪ್ ಎಳೆಯುತ್ತದೆ. ಹತ್ತು ಗಂಟೆ ಹೊತ್ತು 11.5ರ ಮೇಲೆ ನಿಂತರೆ ಮನೆ ಲೈಟಿಗೆ ಇಟ್ಟುಕೊಳ್ಳಿ. ನಿಲ್ಲದಿದ್ದರೆ ಎಕ್ಸ್‌ಚೇಂಜಿಗೆ ಹಾಕಿ, ಒಳಗಿನ ಸೀಸಕ್ಕೆ ಬೆಲೆ ಇದೆ. ಆಸಿಡ್ ಮಾತ್ರ ತೋಟಕ್ಕೆ ಚೆಲ್ಲಬೇಡಿ, ಬ್ಯಾಟರಿ ಸಮೇತ ಅಂಗಡಿಗೇ ಕೊಡಿ.