ಘಾಟಿ ಹತ್ತುವಾಗ ಎಂಜಿನ್ ಕಟಕಟ ಅನ್ನುತ್ತಿದೆ, ಬೇರಿಂಗ್ ಹೋಗಿದೆಯಾ?

ಪ್ರಶ್ನೆ: ಅಣ್ಣ, ನಮಸ್ಕಾರ. ನಮ್ಮದು ಒಂಬತ್ತು ವರ್ಷದ ಪೆಟ್ರೋಲ್ ಕಾರು, 86,000 ಕಿಲೋಮೀಟರ್ ಓಡಿದೆ. ಹೋದ ವಾರ ಧರ್ಮಸ್ಥಳದಿಂದ ಬೆಂಗಳೂರಿಗೆ ವಾಪಸ್ ಬರುತ್ತಿದ್ದೆವು. ಐದು ಜನ, ಡಿಕ್ಕಿ ತುಂಬ ಲಗೇಜು. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಡಬ್ಬಿಯಲ್ಲಿ ಗೋಲಿ ಅಲ್ಲಾಡಿಸಿದ ಹಾಗೆ ಕಟಕಟ ಶಬ್ದ. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ನಿಲ್ಲುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಇಲ್ಲವೇ ಇಲ್ಲ. ಒಂದು ಗ್ಯಾರೇಜಿನಲ್ಲಿ ತೋರಿಸಿದರೆ ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು ಅಂದರು. ಏನು ಮಾಡಲಿ?

ಉತ್ತರ (ಮೆಕ್ಯಾನಿಕ್): ಮೇಡಂ, ಎಂಜಿನ್ ಇಳಿಸಲು ಈಗಲೇ ಒಪ್ಪಬೇಡಿ. ಬೇರಿಂಗ್ ಶಬ್ದ ಕೆಳಗಿನಿಂದ ಬರುತ್ತದೆ, ದಪ್ಪಗೆ ದಬ್ ದಬ್ ಅನ್ನುತ್ತದೆ. ನ್ಯೂಟ್ರಲ್‌ನಲ್ಲಿ ರೇಸ್ ಮಾಡಿದರೂ ಕೇಳುತ್ತದೆ. ಜೊತೆಗೆ ಆಯಿಲ್ ಲೈಟ್ ಮಿಣುಕುವುದೂ ಉಂಟು. ನಿಮ್ಮದು ಭಾರ ಬಿದ್ದಾಗ ಮಾತ್ರ ಬರುವ ತೆಳು ಶಬ್ದ. ಇದು ನಾಕಿಂಗ್ ಇರುವ ಸಾಧ್ಯತೆಯೇ ಜಾಸ್ತಿ.

ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಸಿಲಿಂಡರ್ ಒಳಗೆ ಹಂತಹಂತವಾಗಿ ಹರಡಬೇಕು. ಒತ್ತಡ, ಬಿಸಿ ಅತಿಯಾದರೆ ಬೆಂಕಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಆವಿ ತಾನೇ ಹತ್ತಿಕೊಳ್ಳುತ್ತದೆ. ಇದೇ ನಾಕಿಂಗ್, ಆ ಹೊಡೆತದ ಶಬ್ದವೇ ಕಟಕಟ. ದಿನಗಟ್ಟಲೆ ಹಾಗೇ ಓಡಿಸಿದರೆ ಪಿಸ್ಟನ್, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹಾಳಾಗುತ್ತವೆ. ಆದ್ದರಿಂದ ಸುಮ್ನೆ ಬಿಡಬೇಡಿ.

ಒಂದು ಮಾತು ಹೇಳಿ. ಶಬ್ದ ಬಂದಾಗ ಯಾವ ಗೇರ್‌ನಲ್ಲಿದ್ದಿರಿ? ಟೆಂಪರೇಚರ್ ಮುಳ್ಳು ಎಲ್ಲಿತ್ತು?

ಪ್ರಶ್ನೆ ಕೇಳಿದವರು: ನಾಲ್ಕನೇ ಗೇರ್ ಅಣ್ಣ, ವೇಗ 35 ಇದ್ದಿರಬೇಕು. ಮುಂದೆ ಲಾರಿಗಳ ಸಾಲು ಇತ್ತು. ಮುಳ್ಳು ಅರ್ಧಕ್ಕಿಂತ ಮೇಲಿತ್ತು, ಯಾವಾಗಲೂ ಅರ್ಧದ ಕೆಳಗೇ ಇರುತ್ತಿತ್ತು.

ಉತ್ತರ: ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಆ ಏರಿನಲ್ಲಿ, ಅಷ್ಟು ಭಾರಕ್ಕೆ, 35ರಲ್ಲಿ ನಾಲ್ಕನೇ ಗೇರ್ ಅಂದರೆ ಎಂಜಿನ್ ಏದುಸಿರು ಬಿಡುತ್ತದೆ. ಪೆಟ್ರೋಲ್ ಉಳಿಯುತ್ತದೆ ಅಂತ ತುಂಬ ಜನ ಹೀಗೇ ಓಡಿಸುತ್ತಾರೆ. ಎರಡನೇ ಗೇರ್‌ಗೆ ಇಳಿಸಿ. ಎಂಜಿನ್ ಜೋರಾಗಿ ಸದ್ದು ಮಾಡುತ್ತದೆ, ಅದರಿಂದ ತೊಂದರೆ ಇಲ್ಲ. ನಿಧಾನಕ್ಕೆ ತಿರುಗುವ ಎಂಜಿನ್ ಮೇಲೆ ಆಕ್ಸಿಲರೇಟರ್ ಪೂರ್ತಿ ಒತ್ತುವುದೇ ಕೆಟ್ಟದ್ದು.

ಮುಳ್ಳು ಮೇಲೇರಿದ್ದು ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಎಂಜಿನ್ ಬಿಸಿಯಾದಷ್ಟೂ ನಾಕಿಂಗ್ ಸುಲಭ. ಕೂಲೆಂಟ್ (ಎಂಜಿನ್ ತಂಪಾಗಿಡುವ ದ್ರವ) ಕಡಿಮೆ ಆಗಿದೆಯಾ, ರೇಡಿಯೇಟರ್ ಜಾಲರಿಯಲ್ಲಿ ಧೂಳು ಕಟ್ಟಿದೆಯಾ, ಫ್ಯಾನ್ ತಿರುಗುತ್ತಿದೆಯಾ ನೋಡಿಸಿ. ಪ್ಲಗ್ ಬಿಚ್ಚಿಸಿ. ತುದಿಯ ಪಿಂಗಾಣಿ ತಿಳಿ ಕಂದು ಇದ್ದರೆ ಸರಿ. ಸುಟ್ಟು ಬೆಳ್ಳಗಾಗಿದ್ದರೆ ಒಳಗೆ ಬಿಸಿ ಜಾಸ್ತಿ, ಅಥವಾ ಕಾರಿಗೆ ಹೇಳಿದ ನಂಬರಿನ ಪ್ಲಗ್ ಅಲ್ಲ. ಈ ವಯಸ್ಸಿನ ಎಂಜಿನ್‌ನಲ್ಲಿ ಪಿಸ್ಟನ್ ಮೇಲೆ ಮಸಿ ಕಟ್ಟಿರುವುದೂ ಸಾಮಾನ್ಯ. ಮಸಿ ಜಾಗ ತಿಂದಷ್ಟೂ ಒತ್ತಡ ಏರುತ್ತದೆ. ಪ್ಲಗ್ ತೂತಿನಿಂದ ಕ್ಯಾಮರಾ ಬಿಟ್ಟರೆ ಕಾಣುತ್ತದೆ, ಹೆಡ್ ಬಿಚ್ಚಬೇಕಿಲ್ಲ. ನಾಕ್ ಸೆನ್ಸರ್ ಕೆಟ್ಟಿದ್ದರೆ ಹೆಚ್ಚಾಗಿ ಸ್ಕ್ಯಾನರ್ ಹೇಳುತ್ತದೆ. ಸೆನ್ಸರ್ ಸರಿ ಇದ್ದಾಗ ನಾಕಿಂಗ್ ಶಬ್ದ ಹಿಡಿದು ಕಿಡಿಯನ್ನು ಸ್ವಲ್ಪ ತಡ ಮಾಡಿಸುತ್ತದೆ.

ಇನ್ನೊಬ್ಬ ಸದಸ್ಯರು: ಸರ್, ಇದು ಎಥೆನಾಲ್ ಪೆಟ್ರೋಲಿಂದ ಅಲ್ವಾ? ಪ್ರೀಮಿಯಂ ಹಾಕಿಸಿದರೆ ಸರಿಹೋಗುತ್ತಾ?

ಉತ್ತರ: ನಾಕಿಂಗ್ ವಿಷಯದಲ್ಲಿ ಎಥೆನಾಲ್ ಮೇಲೆ ತಪ್ಪು ಹೊರಿಸಲಾಗದು ಸರ್. ಅದರ ಆಕ್ಟೇನ್ (ನಾಕಿಂಗ್ ತಡೆಯುವ ಶಕ್ತಿಯ ಅಳತೆ) 100ಕ್ಕೂ ಮೇಲೆ, ಬೆರೆಸಿದರೆ ನಾಕಿಂಗ್ ತಡೆಯುವ ಶಕ್ತಿ ಹೆಚ್ಚುತ್ತದೆ. ಮೈಲೇಜ್ ಇಳಿಯುವುದು, ಹಳೆಯ ಕಾರುಗಳ ರಬ್ಬರ್ ಪೈಪ್ ಹಾಳಾಗುವುದು ಬೇರೆ ಚಿಂತೆ. ಬಿಎಸ್6 ಮಾಲಿನ್ಯ ನಿಯಮ ಬಂದಾಗ ಸಾಮಾನ್ಯ ಪೆಟ್ರೋಲಿಗೆ ಕನಿಷ್ಠ 91, ಪ್ರೀಮಿಯಂಗೆ 95 ಆಕ್ಟೇನ್ ಇತ್ತು. ಟ್ಯಾಂಕ್ ಖಾಲಿಯಾದಾಗ ಒಮ್ಮೆ ಈಗ ಹಾಕುವುದಕ್ಕಿಂತ ಹೆಚ್ಚು ಆಕ್ಟೇನ್‌ನ ಪೆಟ್ರೋಲ್ ಹಾಕಿಸಿ ಅದೇ ತರಹದ ಏರಿನಲ್ಲಿ ಓಡಿಸಿ ನೋಡಬಹುದು. ಶಬ್ದ ನಿಂತರೆ ಅದು ನಾಕಿಂಗ್ ಅನ್ನುವುದು ಖಾತ್ರಿ. ಆದರೆ ಕೂಲೆಂಟ್ ಸೋರುವುದನ್ನು ಯಾವ ಪೆಟ್ರೋಲೂ ನಿಲ್ಲಿಸಲ್ಲ.

ಪ್ರಶ್ನೆ ಕೇಳಿದವರು: ಈಗ ನೋಡಿದೆ ಅಣ್ಣ. ಕೂಲೆಂಟ್ ಡಬ್ಬಿ ಪೂರ್ತಿ ಖಾಲಿ! ಆಯಿಲ್ ಗೆರೆ ಮಾತ್ರ ಸರಿ ಇದೆ.

ಉತ್ತರ: ಹಾಗಾದರೆ ಇವತ್ತು ಕಾರು ತೆಗೆಯಬೇಡಿ. ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಮುಚ್ಚಳ ತೆಗೆಯಿರಿ, ಬಿಸಿ ಇದ್ದಾಗ ತೆಗೆದರೆ ಮುಖಕ್ಕೆ ಹಾರುತ್ತದೆ. ಕಂಪನಿ ಹೇಳಿದ ಕೂಲೆಂಟನ್ನೇ ತುಂಬಿಸಿ. ಆಮೇಲೆ ಪ್ರೆಶರ್ ಟೆಸ್ಟ್ ಮಾಡಿಸಿ, ಎಲ್ಲಿ ಸೋರುತ್ತಿದೆ ಅಂತ ಗೊತ್ತಾಗುತ್ತದೆ. ಆಯಿಲ್ ಮುಚ್ಚಳದ ಒಳಗೆ ಬಿಳಿ ಕೆನೆಯಂಥದ್ದು ಕಂಡರೆ ಕೂಲೆಂಟ್ ಆಯಿಲ್‌ಗೆ ಸೇರುತ್ತಿರಬಹುದು, ಫೋಟೋ ತೆಗೆದು ಇಲ್ಲೇ ಹಾಕಿ, ಹೆಡ್ ಗ್ಯಾಸ್ಕೆಟ್ ಬಗ್ಗೆ ಆಗ ಮಾತಾಡೋಣ.